ಒಂದು ಉಸಿರಿನ ಪೊರೆ

ಮದುವೆಯ ದಿನ ಸಂಜೆ ನನ್ನ ಗಂಡ ತಿಪ್ಪೇಶಿ ನಮ್ಮ ಹೊಸ ಮನೆಯ ಗೋಡೆಯ ಪಕ್ಕದಲ್ಲೇ ಒಂದು ಸುತ್ತು ಹಾಕಿದ, ಹಿಂದಿನ ಓಣಿಗೆ ಇಳಿದ, ಅಲ್ಲಿಂದ ನೇರ ಬೋಂಡದ ಅಂಗಡಿಗೆ ಹೋದ. ಬಾಸಿಂಗ ಇನ್ನೂ ಹಣೆಯ ಮೇಲೇ ಇತ್ತು. ನಾನು ಅಡುಗೆಮನೆಯ ಕಿಟಕಿಯಿಂದ ಕೂಗಿದೆ. ಕೂಗು ಎಲ್ಲಿಂದ ಬಂತೆಂದು ಅವನಿಗೆ ತಿಳಿಯಲಿಲ್ಲ. ಆಕಾಶದ ಕಡೆ ಒಮ್ಮೆ ಕೈ ಬೀಸಿ ಹೊರಟುಹೋದ.

ಪಕ್ಕದ ಮನೆಯ ರುದ್ರಕ್ಕ ಮೊರ ಕೆಳಗಿಟ್ಟು ಓಡಿ ಬಂದಳು.

"ಏ ಹೊನ್ನಿ, ನಿನ್ ಗಂಡ ಮನೆ ದಾಟ್ಕೊಂಡ್ ಹೋದ ಕಣೇ!"

"ನೋಡ್ದೆ."

"ಮೊದಲ್ನೇ ದಿನಾನೇ? ನಮ್ಮೋರು ಒಂದು ವರ್ಷ ಆದ್ರೂ ತಡ್ಕೊಂಡಿದ್ರು."

ನಮ್ಮೂರಿನಲ್ಲಿ ಯಾರಿಗೂ ತಮ್ಮ ಮನೆ ಹೊರಗಿನಿಂದ ಕಾಣಿಸುವುದಿಲ್ಲ. ಮಿಕ್ಕವರ ಮನೆಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ, ಉದುರಿದ ಸುಣ್ಣ, ಕಟ್ಟಿಕೊಂಡ ಚರಂಡಿ ಸಮೇತ. ತಮ್ಮದು ಇರುವ ಕಡೆ ಮಾತ್ರ ಕಳೆ ಬೆಳೆದ ಖಾಲಿ ಸೈಟು. ಗೋಡೆಗೆ ಬಣ್ಣ ಹೊಡೆಸಿದರೆ ಹೇಗೆ ಬಂದಿದೆ ಎಂದು ಎದುರುಮನೆಯವರನ್ನೇ ಕೇಳಬೇಕು. ಅವರು ಎಂದೂ ನಿಜ ಹೇಳುವುದಿಲ್ಲ. ಮನೆ ಮುಟ್ಟಿಸುವುದು ಮುಂಗೈ ಮೇಲಿನ ಕರಿಗೆರೆ. ಮದುವೆಗೆ ಮುಂಚೆ ಒಂದು ಸೂಜಿಗಲ್ಲನ್ನು ಎರಡು ಹೋಳು ಮಾಡಿ, ಒಂದನ್ನು ಹೊಸ ಮನೆಯ ಅಡುಗೆಮನೆ ಗೋಡೆಯಲ್ಲಿ ಹುದುಗಿಸುತ್ತಾರೆ. ಇನ್ನೊಂದನ್ನು ಎಣ್ಣೆಯಲ್ಲಿ ನುಣ್ಣಗೆ ಅರೆದು ಗಂಡುಹೆಣ್ಣಿನ ಮುಂಗೈಗೆ ಗೆರೆ ಎಳೆಯುತ್ತಾರೆ. ಗೆರೆ ಕಲ್ಲಿನ ಕಡೆಗೆ ಎಳೆಯುತ್ತದೆ, ಕಾಲು ಗೆರೆಯ ಹಿಂದೆ ಹೋಗುತ್ತದೆ, ಖಾಲಿ ಸೈಟಿನ ನಡುವೆ ಎಲ್ಲೋ ಹೊಸಿಲು ಎಡವುತ್ತದೆ. ಒಳಗೆ ಬಂದಮೇಲೆ ಎಲ್ಲ ಕಾಣಿಸುತ್ತದೆ. ಎಳೆತವಿಲ್ಲದವರನ್ನು ಕೈಹಿಡಿದು ಒಳಗೆ ತರಲು ನೋಡಿದವರಿದ್ದಾರೆ. ಕೈ ಹಿಡಿದವರು ಒಳಗೆ ಬಂದರು, ಹಿಡಿಸಿಕೊಂಡವರು ಗೋಡೆಗೆ ಹಣೆ ಚಚ್ಚಿಕೊಂಡರು.

ಆ ಪುಡಿ ಅರೆಯುವ ಶೆಡ್ಡಿನಲ್ಲೇ ನನ್ನ ಕೆಲಸ. ಸೂಜಿಗಲ್ಲು ಇಡಿಯಾಗಿರುವ ತನಕ ಅದರಷ್ಟು ಗಟ್ಟಿಪಿಂಡ ಇನ್ನೊಂದಿಲ್ಲ, ಮಳೆಗಾಲವೆಲ್ಲ ಅಂಗಳದಲ್ಲಿ ಬಿದ್ದಿದ್ದರೂ ಏನೂ ಆಗುವುದಿಲ್ಲ. ಅರೆಯುತ್ತ ಹೋದಂತೆ ಅದಕ್ಕೆ ಮೈ ಹೆಚ್ಚುತ್ತದೆ, ಮೈ ಹೆಚ್ಚಿದಷ್ಟೂ ಗಾಳಿಗೆ ಬಾಯಿ ಹಾಕಲು ಜಾಗ. ಕಣ್ಣಿಗೆ ಕಾಣದಷ್ಟು ಸಣ್ಣಗಾದ ಪುಡಿಯನ್ನು ಎಣ್ಣೆಯಿಂದ ಎತ್ತಿ ಸುಮ್ಮನೆ ಗಾಳಿಗೆ ಹಿಡಿದರೆ ಬಿಸಿಯೇರುತ್ತದೆ, ಹೊಗೆಯಾಡುತ್ತದೆ, ನೋಡನೋಡುತ್ತ ತುಕ್ಕು ಹಿಡಿದು ಇಟ್ಟಿಗೆಪುಡಿಯಂತಾಗುತ್ತದೆ. ಅದು ಆಮೇಲೆ ಯಾರನ್ನೂ ಎಲ್ಲಿಗೂ ಎಳೆಯುವುದಿಲ್ಲ.

ಅದಕ್ಕೇ ಪೊರೆ ಹಾಕುವುದು. ಹೊಗೆಗಡಿಗೆ ಅಂತ ಒಂದಿರುತ್ತದೆ, ಎರಡು ಮೂತಿಯ ಪುಟ್ಟ ಮಡಕೆ. ಒಳಗೆ ಕೆಂಡ, ಕೆಂಡದ ಮೇಲೆ ರಾಳ. ಒಂದು ಮೂತಿಗೆ ಬಾಯಿಟ್ಟು ಊದಿದರೆ ಇನ್ನೊಂದರಿಂದ ಹೊಗೆ ಹೊರಟು ಗೆರೆಯ ಮೇಲೆ ಕೂರುತ್ತದೆ. ಒಂದು ಉಸಿರಿಗೆ ಒಂದು ಪೊರೆ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುವುದಿಲ್ಲ, ಗಾಳಿಯನ್ನು ಮಾತ್ರ ಹತ್ತಿರ ಬಿಡುವುದಿಲ್ಲ. ಮದುವೆಯಲ್ಲಿ ಮೊದಲ ಉಸಿರು ತಾಯಿಯದು. ಆಮೇಲೆ ಬಂಧುಬಳಗದಲ್ಲಿ ಹಾರೈಸುವವರೆಲ್ಲ ಒಬ್ಬೊಬ್ಬರೂ ಒಂದೊಂದು ಊದುತ್ತಾರೆ.

ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ನನ್ನ ಕಡೆಯಿಂದ ವಾರ್ಡನ್ ಒಂದು ಉಸಿರು ಊದಿದರು, ಅಡುಗೆಯವಳು ಒಂದು. ಅಡುಗೆಯವಳು ನಡುವೆ ಕೆಮ್ಮಿದಳು. ಚಪ್ಪರದಲ್ಲಿದ್ದವರೆಲ್ಲ ನನ್ನ ಮುಂಗೈ ನೋಡಿ ಲೊಚಗುಟ್ಟಿದರು. ತಿಪ್ಪೇಶಿಯ ತಾಯಿ ದಾನಮ್ಮ ಮಾತ್ರ ಮೂರು ತಲೆಮಾರಿನ ಬಳಗವನ್ನು ಕರೆಸಿದ್ದರು. ಸಾಲು ಚಪ್ಪರ ದಾಟಿ ಬೀದಿಗೆ ಹೋಗಿತ್ತು. ಊದಿ ಊದಿ ಒಬ್ಬ ಮುದುಕನಿಗೆ ತಲೆ ಸುತ್ತಿ ಬಂತು. ಕೊನೆಗೆ ಶಾಮಿಯಾನ ಹಾಕಿದವನು, ಇಷ್ಟು ಜನ ಊದುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು, ಅವನೂ ಒಂದು ಊದಿದ. ಅಷ್ಟು ಹೊತ್ತಿಗೆ ತಿಪ್ಪೇಶಿಯ ಗೆರೆ ಹರಳೆಣ್ಣೆ ಹಚ್ಚಿದ ಎಮ್ಮೆಯ ಹಾಗೆ ಮಿನುಗುತ್ತಿತ್ತು.

"ಇನ್ ನನ್ ಮಗನ್ ಗೆರೆಗೆ ಪ್ರಳಯ ಆದ್ರೂ ತುಕ್ಕು ಹಿಡಿಯಲ್ಲ," ಎಂದು ದಾನಮ್ಮ ಎಲ್ಲರಿಗೂ ತೋರಿಸಿದರು. ಅದು ನಿಜವೇ ಆಗಿತ್ತು.

ಮಾರನೆಯ ದಿನ ನಾನು ತಿಪ್ಪೇಶಿಯನ್ನು ಅವನ ಶೆಡ್ಡಿನಲ್ಲಿ ಹಿಡಿದೆ. ಅವನು ಬೋರ್ಡ್ ಬರೆಯುವವನು. ಅಂಗಡಿಯ ಹೆಸರು, ಮನೆಯ ಹೆಸರು, ಚುನಾವಣೆ ಬಂದರೆ ಎರಡು ಪಕ್ಷಗಳ ಗೋಡೆ. ಬಣ್ಣದ ಡಬ್ಬಿಗಳ ನಡುವೆ ಚಾಪೆ ಹಾಸಿಕೊಂಡು, ಬಾಸಿಂಗವನ್ನು ಮೊಳೆಗೆ ತೂಗುಹಾಕಿ, ಒಬ್ಬನೇ ಬೋಂಡ ತಿನ್ನುತ್ತಿದ್ದ.

"ಯಾಕ್ ಬರ್ಲಿಲ್ಲ?"

"ಬಂದೆ ಕಣೇ. ಸೈಟ್ ತನಕ ಬಂದೆ. ಅಲ್ಲೇನೂ ಇರ್ಲಿಲ್ಲ. ಒಂದು ಹಂದಿ ಇತ್ತು."

"ಅಲ್ಲಿ ನಾನಿದ್ದೆ."

"ನಾನೇನಂದೆ ಈಗ? ಹಂದಿ ಇತ್ತು ಅಂದೆ, ಅಷ್ಟೇ."

"ಗೆರೆ ಎಳೀಲಿಲ್ವಾ?"

"ಊಹೂಂ. ಒಂಚೂರು ನವೆ ಆಗುತ್ತೆ. ಬೋಂಡ ತಿಂತೀಯಾ?"

ಸೆರಗಿನ ಗುಂಡುಸೂಜಿ ತೆಗೆದು ನನ್ನ ಮುಂಗೈ ಹತ್ತಿರ ಹಿಡಿದೆ. ಅದು ಹಾರಿ ಬಂದು ಗೆರೆಯ ಮೇಲೆ ನೆಟ್ಟಗೆ ನಿಂತಿತು. ಅವನ ಗೆರೆಯ ಮೇಲೆ ಇಟ್ಟೆ. ಜಾರಿ ಬೋಂಡದ ಎಲೆಗೆ ಬಿತ್ತು. ಅವನ ಪುಡಿ ಒಳಗೆ ಚೆನ್ನಾಗಿಯೇ ಇತ್ತು, ತುಕ್ಕಿನ ಚುಕ್ಕೆಯೂ ಇಲ್ಲ. ಅದನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದರೆಂದರೆ ಹೊರಗಿನ ಯಾವುದೂ ಅದಕ್ಕೆ ತಾಗುತ್ತಿರಲಿಲ್ಲ, ಅದೂ ಯಾವುದಕ್ಕೂ ತಾಗುತ್ತಿರಲಿಲ್ಲ. ಅವನಿಗೆ ಅದರಿಂದ ಬೇಸರವಾದಂತೆಯೂ ಕಾಣಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಆ ವಾರವೇ ವಾರ್ಡಿನ ಕಲ್ಲಿನವರು ಬಂದು ಬಾಗಿಲಲ್ಲಿ ನಿಂತರು. ಮನೆಗಳಿಗೆ ಕಲ್ಲು ಇಡುವವರೂ ಅವರೇ, ಕೀಳುವವರೂ ಅವರೇ. ಮನೆ ಸಿಗದೆ ಕಾಯುತ್ತಿರುವ ಜೋಡಿಗಳು ಊರಲ್ಲಿ ತುಂಬ ಇದ್ದವು.

"ಅಮಾಸೆ ಸಂಜೆ ಒಳಗೆ ಇಬ್ರೂ ಹೊಸಿಲು ದಾಟಿರ್ಬೇಕಮ್ಮ," ಎಂದ ಅವರಲ್ಲಿ ದೊಡ್ಡವನು. "ಇಲ್ದಿದ್ರೆ ಕಲ್ಲು ಕೀಳ್ತೀವಿ. ರೂಲ್ಸು."

"ನಾನ್ ದಾಟಿದೀನಲ್ಲ."

"ಅರ್ಧ ಸಂಸಾರಕ್ಕೆ ಇಡೀ ಮನೆ ಕೊಡಕ್ಕಾಗಲ್ಲ."

ನನಗೆ ಗಂಡ ಬೇಕಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದದ್ದು ಮನೆ. ಹಾಸ್ಟೆಲಿನ ಕಟ್ಟಡ ಊರಿನಲ್ಲಿ ಎಲ್ಲರಿಗೂ ಕಾಣುತ್ತದೆ, ಅದರಲ್ಲಿ ಇರುವವರಿಗೂ ಕಾಣುತ್ತದೆ, ಏಕೆಂದರೆ ಅದು ಯಾರ ಮನೆಯೂ ಅಲ್ಲ. ಇಪ್ಪತ್ತು ವರ್ಷ ನಾನು ಅದನ್ನು ದೂರದಿಂದಲೇ ನೋಡಿಕೊಂಡು ಬಂದು ಒಳಗೆ ಹೋಗಿದ್ದೇನೆ. ಮದುವೆಯ ದಿನ ಮೊದಲ ಸಲ ಖಾಲಿ ಸೈಟಿನಲ್ಲಿ ಹೊಸಿಲು ಎಡವಿ ಮುಗ್ಗರಿಸಿ ಒಳಗೆ ಬಿದ್ದೆ. ಮೊಣಕಾಲು ತರಚಿತ್ತು, ಖುಷಿಯಾಗಿತ್ತು. ಅದನ್ನು ಒಂದು ಬಳಗದ ಪುಪ್ಪುಸದ ಬಲಕ್ಕೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಪೊರೆ ತೆಗೆಯುವುದು ಕಷ್ಟದ ಕೆಲಸವೇನಲ್ಲ. ಟರ್ಪೆಂಟೈನ್ ಮುಟ್ಟಿಸಿದರೆ ರಾಳ ಬಿಡುತ್ತದೆ. ಕಷ್ಟವೆಲ್ಲ ಪದ್ಧತಿಯದು. ಊದಿದವರೇ ಬಂದು ತಮ್ಮದನ್ನು ತಾವೇ ಒರೆಸಬೇಕು, ಮೇಲಿನಿಂದ ಕೆಳಕ್ಕೆ ಸರತಿಯಲ್ಲಿ. ಬೇರೆಯವರು ಒರೆಸಿದರೆ ಹಾರೈಕೆಯ ಮೇಲೆ ಉಗುಳಿದ ಹಾಗೆ. ಎಲ್ಲಕ್ಕಿಂತ ಮೇಲಿನ ಪೊರೆ ಊದಿದ್ದ ಶಾಮಿಯಾನದವನು ಬಂದ, ಅರಿವೆ ಅದ್ದಿ ಒಂದು ಸಲ ಸವರಿದ, ಹೋದ. ಅವನ ಕೆಳಗಿದ್ದದ್ದು ತಿಪ್ಪೇಶಿಯ ದೊಡ್ಡಪ್ಪ ಬೊಮ್ಮಣ್ಣನವರದು. ನಾನೇ ಅವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಕಾಲಿನ ಆಣಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು.

"ನಂದೇ ಯಾಕಮ್ಮ ಮೊದ್ಲು? ನನ್ ತಮ್ಮಂದಿರ್ದಿಲ್ವಾ, ಷಡ್ಕಂದಿಲ್ವಾ?"

"ನಿಮ್ದು ಮೇಲಿದೆ ಮಾವ. ನಿಮ್ದು ಹೋಗ್ದೆ ಅವರ್ದು ಸಿಗಲ್ಲ."

"ನಾನು ಒರೆಸಿಬಿಡೋದು, ಆಮೇಲೆ ಅವರು ಒರೆಸಲ್ಲ ಅನ್ನೋದು. ನಾಳೆ ಬಳಗದಲ್ಲಿ ಏನ್ ಮಾತಾಗುತ್ತೆ? ಬೊಮ್ಮಣ್ಣ ಒಬ್ಬ ಹಾರೈಸಿರ್ಲಿಲ್ಲ ಅಂತ."

"ನಿಮ್ಮೆಲ್ಲರ ಹಾರೈಕೆಯಿಂದ್ಲೇ ಅವನು ಬಣ್ಣದ ಡಬ್ಬಿ ಪಕ್ಕ ಮಲಗ್ತಿರೋದು."

ಅವರು ಸುಣ್ಣದ ಬೆರಳನ್ನು ನನ್ನ ಕಡೆ ತಿರುಗಿಸಿದರು. "ನಿಂಗೆ ಬಂದಿದ್ದು ಎರಡೇ ಉಸಿರು. ಅದ್ರಲ್ಲೊಂದು ಕೆಮ್ಮು. ಹೊಟ್ಟೆಕಿಚ್ಚು ನಂಗರ್ಥ ಆಗುತ್ತೆ ಬಿಡು."

ಅಲ್ಲಿಂದ ದಾನಮ್ಮನ ಹತ್ತಿರ ಹೋದೆ. ಅತ್ತೆ ಹೇಳಿದರೆ ಬಳಗ ಕೇಳುತ್ತದೆ ಎಂಬ ಲೆಕ್ಕ ನನ್ನದು. ಅವರು ಅಕ್ಕಿ ಆರಿಸುತ್ತಿದ್ದರು. ನನ್ನ ಮಾತು ಮುಗಿಯುವ ತನಕ ತಲೆ ಎತ್ತಲಿಲ್ಲ.

"ಒಂದೇ ಒಂದು ಪೊರೆ ಸಾಕು ಅತ್ತೆ. ನಿಮ್ದೊಂದು. ಮಿಕ್ಕಿದ್ದೆಲ್ಲ ಬರೀ ಭಾರ."

"ಒಂದ್ರಲ್ಲಿ ತೂತು ಬಿದ್ರೆ?"

"ಬೀಳ್ದಿರೋ ಹಂಗೆ ಊದ್ಬೇಕು."

"ತಿಪ್ಪೇಶಿ ಅಪ್ಪಂಗೂ ಹಿಂಗೇ ಅಂದಿದ್ರು," ಎಂದು ಅವರು ಒಂದು ಕಲ್ಲು ಹೆಕ್ಕಿ ಬಿಸಾಡಿದರು. "ತೆಳ್ಳಗಿದ್ರೆ ಚೆನ್ನಾಗಿ ಎಳೆಯುತ್ತೆ ಅಂತ. ಎಲ್ಲೋ ಸೂಜಿ ಮೊನೆಯಷ್ಟು ತೂತಿತ್ತು. ಮಳೆಗಾಲ ಬಂತು. ತೂತಿನಿಂದ ತುಕ್ಕು ಹೊಕ್ಕು ಒಳಗೊಳಗೇ ಹಬ್ತು, ಮೇಲ್ಗಡೆ ಪೊರೆ ಹಂಗೇ ಇತ್ತು. ಒಂದು ದಿನ ಬೀಡಿ ತರಕ್ಕೆ ಹೋದೋರು ವಾಪಸ್ ಬಂದು ಈ ಗೋಡೆ ಸುತ್ತಾನೇ ಅಡ್ಡಾಡಿದ್ರು. ದಿನಾ ಬರೋರು. ನಾನು ಇದೇ ಕಿಟಕೀಲಿ ನಿಂತು ಅನ್ನದ ತಟ್ಟೆ ಆಚೆ ಹಿಡಿಯೋಳು. ಅವ್ರ ಕಣ್ಣಿಗೆ ತಟ್ಟೆ ಗಾಳೀಲಿ ನೇತಾಡ್ದಂಗೆ ಕಾಣೋದು, ಹೆದರ್ಕೊಳೋರು. ಮಳೆ ನಿಂತ್ಮೇಲೆ ಬಸ್ ಹತ್ತಿ ಹೋದ್ರು."

ನಾನೂ ಒಂದು ಹಿಡಿ ಅಕ್ಕಿ ಹರಡಿಕೊಂಡು ಕಲ್ಲು ಹುಡುಕಿದೆ.

"ನನ್ ಮಗ ಹೊರಗಿದ್ರೂ ಊರಲ್ಲಿದಾನೆ," ಎಂದರು ಅತ್ತೆ. "ನಂಗೆ ಕಾಣ್ತಾನೆ. ಸಾಕು."

"ನನ್ ಮನೆ?"

"ಇನ್ನೊಂದ್ ಮನೆ ಸಿಗುತ್ತೆ."

ಅಮಾವಾಸ್ಯೆಯ ಮಧ್ಯಾಹ್ನ ನಾನು ಕೆಂಡ ತುಂಬಿದ ಹೊಗೆಗಡಿಗೆ, ಒಂದು ಹಿಡಿ ರಾಳ, ಒಂದು ಬಟ್ಟೆ ಹಿಡಿದುಕೊಂಡು ತಿಪ್ಪೇಶಿಯ ಶೆಡ್ಡಿಗೆ ಹೋದೆ. ಅವನು ಯಾರದೋ ಗೇಟಿಗೆ ಹೆಸರು ಬರೆಯುತ್ತಿದ್ದ. ನಾನು ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದೆ. ಯಾರೂ ಒರೆಸುವುದಿಲ್ಲ, ಸಂಜೆಗೆ ಕಲ್ಲಿನವರು ಬರುತ್ತಾರೆ, ನೀನು ಒಪ್ಪಿದರೆ ನಾನೇ ಒರೆಸುತ್ತೇನೆ, ನಿನ್ನ ಬಳಗ ನನ್ನನ್ನು ಜನ್ಮವಿಡೀ ಬೈಯುತ್ತದೆ.

ಅವನು ಕುಂಚ ಡಬ್ಬಿಯಲ್ಲಿಟ್ಟು ಕೇಳಿದ. "ನಾನು ಬರ್ಬೇಕು ಅಂತಾನಾ, ಮನೆ ಉಳೀಬೇಕು ಅಂತಾನಾ?"

"ಮನೆ."

"ಥೂ. ಒಂದ್ ಸುಳ್ಳಾದ್ರೂ ಹೇಳ್ಬಾರ್ದಾ?"

"ನಿಂಗೆ ಗೊತ್ತಾಗುತ್ತೆ."

ಅವನು ನಕ್ಕ. ಮೂಲೆಯಿಂದ ಟರ್ಪೆಂಟೈನ್ ಡಬ್ಬಿಯನ್ನು ತಾನೇ ಎತ್ತಿ ತಂದು ನನ್ನ ಮುಂದೆ ಇಟ್ಟು, ಮುಂಗೈ ಚಾಚಿದ. "ಅಪ್ಪ ಸೈಟಲ್ಲಿ ಅಡ್ಡಾಡುವಾಗ ಅವ್ವನ ಪಕ್ಕ ನಾನೂ ನಿಂತಿದ್ದೆ ಕಣೇ. ಕಿಟಕೀಲಿ ನಿಂತು ನೋಡೋರ ಮುಖ ಹೆಂಗಿರುತ್ತೆ ಅಂತ ನಂಗೊತ್ತು. ನಿಂದು ಹಂಗಾಗೋದ್ ಬೇಡ. ಅವ್ವಂದೊಂದು ಬಿಟ್ಟು ಮಿಕ್ಕಿದ್ದು ಒರೆಸು."

ನಾನೂ ಹಾಗೆಯೇ ಅಂದುಕೊಂಡಿದ್ದೆ. ಸ್ವಲ್ಪ ಒರೆಸುವುದು, ಗುಂಡುಸೂಜಿ ಇಟ್ಟು ನೋಡುವುದು, ಮತ್ತೆ ಸ್ವಲ್ಪ ಒರೆಸುವುದು. ಮೊದಲು ಸೂಜಿ ಜಾರಿತು. ಆಮೇಲೆ ವಾಲಿ ನಿಂತಿತು. ಇನ್ನೊಂದೇ ಸಲ ಎಂದು ಬಟ್ಟೆ ಎಳೆದೆ. ಯಾರದು ತಾಯಿಯ ಉಸಿರು, ಯಾರದು ಷಡ್ಕನ ಉಸಿರು ಎಂದು ಟರ್ಪೆಂಟೈನಿಗೆ ಗೊತ್ತಾಗುವುದಿಲ್ಲ. ಗೆರೆಯ ಮಿನುಗು ಒಮ್ಮೆಲೇ ಹೋಗಿ ಕಾಡಿಗೆಯ ಹಾಗೆ ಮಂಕಾಯಿತು. ನನ್ನ ಕೈಯಲ್ಲಿದ್ದ ಗುಂಡುಸೂಜಿ ಹಾರಿ ಅವನ ಮುಂಗೈಗೆ ಚುಚ್ಚಿಕೊಂಡಿತು. ಮೊಳೆಯ ಡಬ್ಬಿ ಉರುಳಿತು.

"ಅಯ್ಯೋ, ಬಿಸಿ!" ಎಂದ ತಿಪ್ಪೇಶಿ.

ನಾನು ಕೆಂಡಕ್ಕೆ ರಾಳ ಹಾಕಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅವನಿರಲಿಲ್ಲ. ಹೊರಗೆ ಬೀದಿಯಲ್ಲಿ ಅವನ ಬಲಗೈ ಮುಂದೆ ಚಾಚಿಕೊಂಡಿತ್ತು, ಮಿಕ್ಕ ಮೈ ಅದರ ಹಿಂದೆ ಹೋಗುತ್ತಿತ್ತು. ಸೊಪ್ಪಿನ ಗಾಡಿಯೊಂದು ಮಗುಚಿತು. ಪೇಟೆಬೀದಿಯಲ್ಲಿ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. "ಹಿಡ್ಕೊಳ್ರೋ ನನ್ ಕೈನ!" ಎಂದು ಅವನು ಕಿರುಚುತ್ತಿದ್ದ. ಯಾರೂ ಹಿಡಿಯಲಿಲ್ಲ. ನಾನು ಗಡಿಗೆ, ರಾಳ ಎಲ್ಲ ಅಲ್ಲೇ ಬಿಟ್ಟು ಸೀರೆ ಎತ್ತಿ ಕಟ್ಟಿ ಅವನ ಹಿಂದೆ ಓಡಿದೆ. ಗಡಿಗೆ ಬಿಟ್ಟು ಬಂದದ್ದು ದಡ್ಡತನವೆಂದು ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು.

ಕಲ್ಲಿನವರು ಆಗಲೇ ಬಂದು, ಹಾರೆಗಳನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ತಿಪ್ಪೇಶಿ ಅವರ ನಡುವೆ ನುಗ್ಗಿ, ಹೊಸಿಲು ಎಡವಿ, ನಡುಮನೆ ದಾಟಿ ಅಡುಗೆಮನೆಯ ಗೋಡೆಗೆ ಧಪ್ಪೆಂದು ಬಡಿದ. ಕಿಟಕಿಯ ಕೆಳಗೆ ಕಲ್ಲು ಹುದುಗಿದ ಕಡೆ ಅವನ ಮುಂಗೈ ಹಲ್ಲಿಯ ಹಾಗೆ ಅಂಟಿಕೊಂಡಿತು. ನಾನು ಏದುಸಿರು ಬಿಡುತ್ತ ಒಳಗೆ ಬಂದಾಗ ಅವನು ಅಂಟಿಕೊಂಡೇ ಕತ್ತು ತಿರುಗಿಸಿ ಸುತ್ತಲೂ ನೋಡುತ್ತಿದ್ದ.

"ಈ ಗೋಡೆಗೆ ಬಣ್ಣ ಹೊಡ್ದವನ್ಯಾರು?" ಎಂದ. "ಪಟ್ಟಿ ಎಲ್ಲ ಸೊಟ್ಟ."

ಕಲ್ಲಿನವರಲ್ಲಿ ದೊಡ್ಡವನು ಬಾಗಿಲಲ್ಲಿ ಇಣುಕಿದ. "ದಾಟಿದ ಅಂತ ಆಯ್ತು," ಎಂದು ಮಿಕ್ಕವರಿಗೆ ಹೇಳಿದ. ಹಾರೆ ಹೆಗಲಿಗೇರಿಸಿಕೊಂಡು ಹೋದರು.

ಮನೆ ಉಳಿಯಿತು. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಬಗ್ಗಿ ಅವನ ಮುಂಗೈ ನೋಡಿದೆ. ಬೆವರಿನಲ್ಲಿ ಗೆರೆ ತೆಳ್ಳಗೆ ಹೊಗೆಯಾಡುತ್ತಿತ್ತು, ಅಂಚಿನಲ್ಲಿ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳು ಎದ್ದಿದ್ದವು. ನೋಡುತ್ತಿದ್ದಂತೆ ಇನ್ನೊಂದು ಎದ್ದಿತು. ಎಲ್ಲ ಕೆಂಪಾದ ಮೇಲೆ ಕೈ ಗೋಡೆಯಿಂದ ತಾನಾಗಿ ಬಿಡುತ್ತದೆ. ಅವನು ಬೋಂಡ ತರಲು ಹೊರಗೆ ಹೋಗುತ್ತಾನೆ. ನಾನು ಕಿಟಕಿಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತೇನೆ.

"ಏನಾಯ್ತೇ? ಮುಖ ಯಾಕ್ ಹಂಗ್ ಮಾಡ್ದೆ?" ಎಂದ ಅವನು.

ನಾನು ಬಾಗಿಲಿಗೆ ಹೋಗಿ ಅಗುಳಿ ಹಾಕಿದೆ. ಕಿಟಕಿಗೆ ಬಂದು ಕೂಗಿದೆ.

"ರುದ್ರಕ್ಕಾ! ಓಡಿಹೋಗಿ ನಮ್ಮತ್ತೆನ ಕರೀರಿ. ಗಡಿಗೆ ತಗೊಂಡ್ ಬರಕ್ಕೆ ಹೇಳಿ. ಒಬ್ರೇ ಬರ್ಬೇಕು!"

ರುದ್ರಕ್ಕನಿಗೆ ಸುದ್ದಿ ಹೇಳಿ ಒಬ್ಬರೇ ಬರಬೇಕು ಎಂದರೆ ನಡೆಯುತ್ತದೆಯೇ? ಸ್ವಲ್ಪ ಹೊತ್ತಿಗೆ ಬೀದಿಯ ತುಂಬ ಹೊಗೆ. ಅತ್ತೆ ಮುಂದೆ, ಅವರ ಹಿಂದೆ ಬೊಮ್ಮಣ್ಣನವರು, ಅವರ ಹಿಂದೆ ತಮ್ಮಂದಿರು, ಷಡ್ಕ, ತಲೆ ಸುತ್ತಿದ ಮುದುಕ, ಎಲ್ಲರ ಕೈಯಲ್ಲೂ ಒಂದೊಂದು ಹೊಗೆಗಡಿಗೆ. ಬೊಮ್ಮಣ್ಣನವರು ಬಾಗಿಲು ಗುದ್ದಿದರು.

"ತೆಗಿಯೇ! ನಮ್ ಹಾರೈಕೆ ಒರೆಸಿ ಹಾಕಿ ಒಳಗ್ ಕೂತಿದೀಯಾ? ತೆಗಿ, ಮೊದ್ಲಿಂದ ಊದ್ತೀವಿ!"

"ಅತ್ತೆ ಒಬ್ರು," ಎಂದೆ ಕಿಟಕಿಯಿಂದ. "ಇಲ್ಲಿಂದ್ಲೇ. ಒಂದೇ ಉಸಿರು."

"ನೀನ್ಯಾವಳೇ ಲೆಕ್ಕ ಹೇಳಕ್ಕೆ?"

"ಅವ್ವಾ," ಎಂದ ತಿಪ್ಪೇಶಿ, ಗೋಡೆಗೆ ಕೆನ್ನೆ ಒತ್ತಿಕೊಂಡು. "ಬೇಗ ಊದವ್ವ. ಉರೀತಿದೆ."

ಅತ್ತೆ ಕಿಟಕಿಯ ಸರಳುಗಳಿಗೆ ಮುಖ ತಂದರು. ಮಗ ಒಳಗಿದ್ದ. ಅವನನ್ನು ಹೊಸ ಮನೆಯೊಳಗೆ ಅವರು ನೋಡಿದ್ದು ಅದೇ ಮೊದಲು. ಅವನ ಮುಂಗೈಯ ಕೆಂಪು ಚುಕ್ಕೆಗಳ ಮೇಲೆ ಅವರ ಕಣ್ಣು ನಿಂತಿತು. ಸರಳುಗಳ ನಡುವೆ ಗಡಿಗೆಯ ಮೂತಿ ತೂರಿಸಿದರು. ನಾನು ಅದನ್ನು ಹಿಡಿದು ಗೆರೆಯ ಒಂದು ತುದಿಗೆ ತಂದೆ.

"ತೂತು ಬಿದ್ರೆ?" ಎಂದರು ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ.

"ನಿಧಾನಕ್ಕೆ ಊದಿ. ನಾನು ತಿರುಗಿಸ್ತೀನಿ. ಎಲ್ಲೂ ಬಿಡಲ್ಲ."

ಅವರು ಊದಿದರು. ಅಷ್ಟು ಉದ್ದದ ಉಸಿರನ್ನು ನಾನು ಯಾವ ಮದುವೆಯಲ್ಲೂ ನೋಡಿಲ್ಲ. ಬಾಗಿಲು ಗುದ್ದುವುದು ನಿಂತಿತು. ನಾನು ಮೂತಿಯನ್ನು ಗೆರೆಯುದ್ದಕ್ಕೂ ಎಳೆದೆ, ಅಂಚುಗಳಿಗೆ ತಿರುಗಿಸಿದೆ, ಕೆಂಪು ಚುಕ್ಕೆಗಳ ಸುತ್ತ ನಿಲ್ಲಿಸಿದೆ. ಅವರ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಉಸಿರು ಮುಗಿಯಿತು. ಗೆರೆ ಹೊಗೆಯಾಡುವುದು ನಿಂತಿತು. ಹೊಸ ಚುಕ್ಕೆ ಏಳಲಿಲ್ಲ. ತಿಪ್ಪೇಶಿಯ ಕೈ ಗೋಡೆಯಿಂದ ಒಂದು ಬೆರಳಿನಷ್ಟು ಸಡಿಲವಾಯಿತು. ಅವನು ಎಳೆದುಕೊಂಡ, ಬಂತು. ಬಿಟ್ಟ, ಮೆಲ್ಲಗೆ ಗೋಡೆಯ ಕಡೆಗೆ ಹೋಯಿತು.

"ಬೊಮ್ಮಣ್ಣಾ, ನಿಮ್ದು!" ಎಂದು ಹಿಂದಿನಿಂದ ಯಾರೋ ಗಡಿಗೆ ಮುಂದೆ ದಾಟಿಸಿದರು.

ನಾನು ಕಿಟಕಿಯ ಒಂದು ಬಾಗಿಲು ಮುಚ್ಚಿದೆ. ಇನ್ನೊಂದಕ್ಕೆ ಕೈ ಹಾಕಿದೆ. ಅತ್ತೆ ಗಡಿಗೆಯ ಮೂತಿಯನ್ನು ಸರಳುಗಳಿಂದ ಹಿಂದಕ್ಕೆ ತೆಗೆದಿರಲಿಲ್ಲ. ಅವರು ಮತ್ತೊಮ್ಮೆ ಎದೆ ತುಂಬ ಉಸಿರೆಳೆದುಕೊಂಡರು. ಕೆನ್ನೆ ಉಬ್ಬಿತು. ಹಾಗೇ ಹಿಡಿದುಕೊಂಡು ಮಗನನ್ನು ನೋಡಿದರು, ಅವನ ಮುಂಗೈ ನೋಡಿದರು, ಕಿಟಕಿಯ ಬಾಗಿಲ ಮೇಲಿದ್ದ ನನ್ನ ಕೈ ನೋಡಿದರು. ನಾನು ಮುಚ್ಚಲಿಲ್ಲ. ಗಡಿಗೆ ಸರಳುಗಳಿಂದ ಹಿಂದೆ ಸರಿಯಿತು. ಅವರು ಬೀದಿಯ ಕಡೆ ತಿರುಗಿ, ಮೂತಿಗೆ ಬಾಯಿಟ್ಟು, ಹಿಡಿದಿದ್ದ ಉಸಿರನ್ನೆಲ್ಲ ಎದುರಿಗಿದ್ದ ಬೀದಿಯ ನೀರಿನ ನಲ್ಲಿಯ ಮೇಲೆ ಊದಿಬಿಟ್ಟರು.

ಆ ನಲ್ಲಿಗೆ ಇನ್ನು ತುಕ್ಕು ಹಿಡಿಯುವುದಿಲ್ಲ.